ಚೇತನ್, ಚೇತನ, ಚೇತನಾ

ಚೇತನ್ ಅಂದರೆ ಗಂಡು. ಚೇತನಾ ಅಂದರೆ ಹೆಣ್ಣು. ಎಳೆಯದೆ, ಕತ್ತರಿಸದೆ, ನಡುವೆ ಚೇತನ ಎಂದು ನಿಲ್ಲಿಸಿಬಿಟ್ಟರೆ ಯಾರಿಗೂ ಏನೂ ಹೇಳಿದಂತಾಗುವುದಿಲ್ಲ ಎಂದುಕೊಳ್ಳುತ್ತ ಪ್ರವೀಣಕುಮಾರ ಮಾವನ ಮನೆಯ ಕನ್ನಡಿಯೆದುರು ಎಡಗೆನ್ನೆ ಬೋಳಿಸಿ, ಬಲಗೆನ್ನೆಯ ನೊರೆಯನ್ನು ಮರೆತ.

"ಅಳಿಯಾರ, ಹೆಸರು ಯಾನ್ ಹುಡಕೀರಿ?" ಅತ್ತೆ ಕಾಂತಾಬಾಯಿ ಹೂರಣದ ಕೈಯಲ್ಲೇ ಬಂದು ನಿಂತರು. ಇವತ್ತು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ತೆಲುಗು ಸೀಮೆಯ ಗಡಿಯೂರು ನಾರಾಯಣಖೇಡದ ಅರ್ಧ ಓಣಿ ಊಟಕ್ಕೆ ಬರುವುದಿತ್ತು.

"ಚೇತನ."

"ಅದು ಗಂಡಸರ ಹೆಸರಲ್ಲೇನ್ರಿ?"

"ಇಬ್ಬರಿಗೂ ನಡೀತದ."

ನಡೀತದ ಎಂಬುದು ಅವನ ಹಳೆಯ ಮಾತು. ತಾಂಡೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರವನ್ನು ತೆಲುಗಿನಲ್ಲಿ ಕಲಿಸು ಅಂದರೂ ನಡೆಯುತ್ತಿತ್ತು, ಇಂಗ್ಲಿಷಿನಲ್ಲಿ ಕಲಿಸು ಅಂದರೂ ನಡೆಯುತ್ತಿತ್ತು. ಮದುವೆಗೆ ಮುಂಚೆ ಇಬ್ಬರು ಹುಡುಗಿಯರ ಫೋಟೋ ತೋರಿಸಿದಾಗಲೂ ಅದನ್ನೇ ಅಂದಿದ್ದ. ಅದು ಹೆಂಡತಿ ಮನೀಷಾಳ ಕಿವಿಗೂ ಬಿದ್ದಿತ್ತು.

ಹೆಸರು ಮಗುವಿಗೆ ಬೇಲಿಯಾಗಬಾರದು ಎಂದು ಸ್ಟಾಫ್‌ರೂಮಿನಲ್ಲಿ ಅವನು ಕಾಲು ಗಂಟೆ ಮಾತಾಡಿದ್ದ. ಎಲ್ಲರೂ ಮೆಚ್ಚಿದರು. ಈ ಹೆಸರು ಹೊಳೆದದ್ದು ಯಾವಾಗ ಎಂದು ಮಾತ್ರ ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಹೊರಗೆ ಬಂದು "ಹೆಣ್ಣರಿ" ಅಂದಾಗ ಅವನು "ಆತು" ಅಂದಿದ್ದ. ಹೊಳೆದದ್ದು ಅದೇ ಸಂಜೆ.

"ಫ್ಲೆಕ್ಸ್ ಒಂದು ಮಾಡಿಸಿಕೊಂಡು ಬರ್ರಿ," ಎಂದು ಮಾವ ಶಾಂತಪ್ಪ ಸ್ಕೂಟರಿನ ಕೀಲಿ ಕೊಟ್ಟರು. ಬೀಜ-ಗೊಬ್ಬರದ ಅಂಗಡಿಯವರು, ಬೋರ್ಡು ಇಲ್ಲದ್ದು ಯಾವುದೂ ಅವರ ಲೆಕ್ಕದಲ್ಲಿ ಶುರುವಾದಂತಲ್ಲ. "ಹೆಸರು ದೊಡ್ಡದಾಗಿ ಕಾಣಬೇಕ್ ನೋಡ್ರಿ."

ಫ್ಲೆಕ್ಸ್ ಅಂಗಡಿಯಲ್ಲಿ ಮೆಹಂದಿ ಹಚ್ಚಿದ ಗಡ್ಡದ ಮನುಷ್ಯನೊಬ್ಬ ಕಂಪ್ಯೂಟರಿನ ಮುಂದೆ ಕೂತಿದ್ದ.

"ನಾಮ್ ಬೋಲೋ ಸರ್."

"ಚೇತನ."

ಅವನು ತೆಲುಗಿನಲ್ಲಿ ಒತ್ತಿದ. ಕೊನೆಯ ಅಕ್ಷರ ಅರ್ಧಕ್ಕೆ ನಿಂತಿತು. "ಚೇತನ್! ಬೇಟಾ ಹುವಾ! ಮುಬಾರಕ್ ಸರ್!" ಎಂದು ಎದ್ದು ನಿಂತು ಕೈ ಚಾಚಿದ.

ಪ್ರವೀಣಕುಮಾರ ಕೈ ಕುಲುಕಿದ.

ಮೂರು ವಾರದಿಂದ ಜನ ಶುಭಾಶಯ ಹೇಳುತ್ತಲೇ ಇದ್ದರು. ಆದರೆ ಎಲ್ಲರದೂ "ಇರಲಿ ತಗೋರಿ, ಲಕ್ಷ್ಮಿ ಬಂದಾಳ" ಎಂದೇ ಶುರುವಾಗುತ್ತಿತ್ತು. "ಇರಲಿ" ಇಲ್ಲದ ಶುಭಾಶಯ ಅವನಿಗೆ ಸಿಕ್ಕಿದ್ದು ಇದೇ ಮೊದಲು. ಅಂಗೈಯಿಂದ ಮೊಳಕೈವರೆಗೆ ಏನೋ ಬೆಚ್ಚಗೆ ಏರಿತು. ಈಗ ತಿದ್ದಬೇಕು ಅಂದುಕೊಂಡ. ಅಷ್ಟರಲ್ಲಿ ಚಹಾ ಬಂತು. ಚಹಾ ಕುಡಿದ ಮೇಲೆ ತಿದ್ದಿದರಾಯಿತು ಅಂದುಕೊಂಡ.

"ಮೇರೆಕು ತೀನೋಂ ಬೇಟಿಯಾಂಚ್ ಸರ್," ಅಂದ ಗಡ್ಡದವನು. ಮೂವರೂ ಹೆಣ್ಣುಮಕ್ಕಳೇ.

"ಇರಲಿ, ಲಕ್ಷ್ಮಿ," ಎಂದ ಪ್ರವೀಣಕುಮಾರ. ಅಂದಮೇಲೆ ತನ್ನ ಮಾತು ತನಗೇ ಕೇಳಿಸಿತು.

ಗಡ್ಡದವನು ನಕ್ಕ. "ಲಕ್ಷ್ಮಿ ನಕ್ಕೋ ಸರ್. ನೂರ್ ಹೈ, ಘರ್ ಕಾ ನೂರ್." ಮನೆಯ ಬೆಳಕು ಅಂತೆ. ಆ ಮನುಷ್ಯನಿಗೆ ಇದರಲ್ಲಿ ಯಾವ ಕಷ್ಟವೂ ಇದ್ದಂತೆ ಕಾಣಲಿಲ್ಲ.

ಅರ್ಧ ಗಂಟೆ ಪ್ರವೀಣಕುಮಾರ ಮಗನ ತಂದೆಯಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಯಂತ್ರದಿಂದ ನೀಲಿ ಆಕಾಶ ಇಳಿಯಿತು, ಕಿರೀಟ ಇಟ್ಟುಕೊಂಡು ಕಾರು ಓಡಿಸುವ ಗಂಡುಮಗು ಇಳಿಯಿತು. "ಚಲೇಗಾ ಸರ್?" ಅಂದ ಅವನು. ಚಲೇಗಾ ಎಂದು ಇವನು ಗೋಣು ಹಾಕಿದ.

ಅಂಗಳದಲ್ಲಿ ಶಾಂತಪ್ಪ ಸುರುಳಿ ಬಿಚ್ಚಿದರು. ಹೆಂಗಸರು ಸುತ್ತ ಬಂದು ನಿಂತರು.

"ಇದು ಯಾರ ಮನಿ ಕೂಸಿಂದು ತಂದೀರಿ, ಅಳಿಯಾರ?" ಅಂದರು ಶಾಂತಪ್ಪ.

"ಅವ ತಪ್ಪು ಮಾಡ್ಯಾನ."

"ನಡೀರಿ, ಹೋಗಿ ಕೇಳೋಣು ಅವನಿಗಿ."

"ಬ್ಯಾಡ್ರಿ. ಬ್ಯಾಡ."

ಮನೀಷಾ ಅವನನ್ನು ನೋಡಿ ಒಳಗೆ ಹೋದಳು. ಅವನೂ ಹಿಂದೆಯೇ ಹೋದ. ಕೂಸು ಅವಳ ತೊಡೆಯ ಮೇಲೆ ಮಲಗಿತ್ತು.

"ಹೆಣ್ಣಂತ ನೀವು ಅವನಿಗಿ ಹೇಳಲಿಲ್ಲೇನ್ರಿ?"

"ಅವ ಕೇಳಲಿಲ್ಲ."

"ಮೂರು ವಾರ ಆತು. ಕೂಸು ಅಂತೀರಿ, ಅದು ಅಂತೀರಿ. ಒಮ್ಮೆರೆ ಮಗಳು ಅಂದೀರೇನು?"

ಕೂಸು ನಪುಂಸಕಲಿಂಗ, ವ್ಯಾಕರಣ ತನ್ನ ಕಡೆಗಿದೆ ಎಂದು ಅವನಿಗೆ ಹೊಳೆಯಿತು. ಹೇಳದಿರುವಷ್ಟು ಬುದ್ಧಿಯೂ ಇತ್ತು.

"ಗಂಡಾಗಿದ್ರ ಯಾನ್ ಹೆಸರಿಡ್ತಿದ್ರಿ?"

ಇದೇ, ಎನ್ನಲು ಬಾಯಿ ತೆರೆದ. ವಿಕ್ರಮಾದಿತ್ಯ ಎಂಬ ಹೆಸರು, ದೀರ್ಘ ಒತ್ತು ಎಲ್ಲದರ ಸಮೇತ, ಐದನೆಯ ತಿಂಗಳಿಂದ ಅವನ ಬಾಯೊಳಗೆ ಕೂತಿತ್ತು. ಬಾಯಿ ಮುಚ್ಚಿದ.

"ಹೊತ್ತಾತು, ಬರ್ರೇ," ಎಂದು ಹೊರಗಿನಿಂದ ಮಂಗಲಾ ಕೂಗಿದಳು.

ಮಂಗಲಾ ಅವನ ಅಕ್ಕ, ಜಹೀರಾಬಾದಿನಿಂದ ಬೆಳಗಿನ ಬಸ್ಸಿಗೆ ಬಂದವಳು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳುವಾಗ ಅವಳ ಬೆನ್ನಿಗೆ ಗುದ್ದುವ ಹಕ್ಕು ಉಳಿದ ಹೆಂಗಸರದು. ಮಂಗಲಾ ತೊಟ್ಟಿಲಿಗೆ ಬಗ್ಗಿದಳು. ದಬದಬ ಗುದ್ದುಗಳು ಬಿದ್ದವು. ಅವಳು ಸೊಂಟ ಹಿಡಿದುಕೊಂಡು ನೆಟ್ಟಗಾಗಿ ಕೂಗಿದಳು:

"ಚೇತನಾ! ಉದ್ದ ಎಳದೀನಿ, ಎಲ್ಲಾರೂ ಕೇಳ್ರಿ. ನಮ್ಮದು ಹೆಣ್ಣ ಕೂಸು, ದೀರ್ಘ ಇರ್ಲಾಕ ಬೇಕು!" ಆಮೇಲೆ ತಮ್ಮನತ್ತ ತಿರುಗಿ, "ನಡೀತದೇನೋ ಪ್ರವೀಣಾ?"

ಅಕ್ಕ ಕರೆದಾಗಲೆಲ್ಲ ಅವನ ಹೆಸರೂ ಹೆಣ್ಣಾಗುತ್ತಿತ್ತು. ಇಷ್ಟು ವರ್ಷ ಅದನ್ನು ಯಾರೂ ಗಮನಿಸಿರಲಿಲ್ಲ, ಅವನೂ.

"ನಡೀತದ," ಅಂದ. ಎಲ್ಲರೂ ನಕ್ಕರು. ಮನೀಷಾ ನಗಲಿಲ್ಲ.

ದುಡ್ಡು ಕೊಟ್ಟದ್ದು ದಂಡವಾಗಬಾರದೆಂದು ಶಾಂತಪ್ಪ ಫ್ಲೆಕ್ಸನ್ನು ಪಂಕ್ತಿಗೆ ಹಾಸಿಸಿದರು. ಜನ ನೀಲಿ ಆಕಾಶದ ಮೇಲೆ ಕೂತು ಹೋಳಿಗೆ ಉಂಡರು. ಪ್ರವೀಣಕುಮಾರನಿಗೆ ಹುಡುಗನ ಕಿರೀಟದ ಹತ್ತಿರ ಜಾಗ ಸಿಕ್ಕಿತು. ಅದರ ಮೇಲೆ ಸಾರು ಚೆಲ್ಲದಂತೆ ಅವನು ಎಚ್ಚರಿಕೆಯಿಂದ ಉಂಡ. ಉಣ್ಣುತ್ತ ತನ್ನ ಎಚ್ಚರಿಕೆಯನ್ನು ಕಂಡು ನಾಚಿದ.

ಉಂಡವರು ಮನೆಗಳಿಗೆ ಹೋದರು, ಉಳಿದವರು ಅಲ್ಲಲ್ಲೇ ಒರಗಿದರು. ಅವನು ತೊಟ್ಟಿಲಿದ್ದ ನಡುಮನೆಗೆ ಬಂದ. ಕಿಟಕಿಗೆ ಸೀರೆ ಇಳಿಬಿಟ್ಟು ಮಬ್ಬು ಮಾಡಿದ್ದರು. ತೊಟ್ಟಿಲಲ್ಲಿ ಕುಂಚಿಗೆಯ ಝರಿ ಅಂಚು ಮಿನುಗಿತು. ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ನೆಲದ ತಣ್ಣಗಿನ ಕಲ್ಲಿನ ಮೇಲೆ ಕೂತು ಹಗ್ಗ ಹಿಡಿದ. ತೂಗಿದ.

"ಚೇತನಾ," ಅಂದ. ದೀರ್ಘ ಸರಿಯಾಗಿ ಬಂತು.

"ಮಗಳು," ಅಂದ. ಮತ್ತೆ ಅಂದ: "ನನ್ನ ಮಗಳು."

ಕೂಸು ಅಲುಗದೆ ಕೇಳುತ್ತಿತ್ತು. ಜೀವಮಾನದಲ್ಲಿ ಯಾರೂ ತನ್ನ ಮಾತನ್ನು ಇಷ್ಟು ಶಾಂತವಾಗಿ ಕೇಳಿಸಿಕೊಂಡಿಲ್ಲ ಅನ್ನಿಸಿತು. "ಆವತ್ತು ನಾ ಬರೇ ಆತು ಅಂದೆ. ಇವತ್ತೂ ಆ ಅಂಗಡ್ಯಾಗ... ತಪ್ಪಾತವ್ವಾ." ಕಣ್ಣು ಒದ್ದೆಯಾಯಿತು. ಬೆರಳು ನೀಡಿ ಕುಂಚಿಗೆಯ ಅಂಚು ಸವರಿದ.

"ಅಯ್ಯ, ಅದು ಗುಂಡಕಲ್ಲರಿ ಅಳಿಯಾರ!" ಬಾಗಿಲಲ್ಲಿ ಕಾಂತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. "ತೊಟ್ಟಿಲ ಬರಿದು ಇಡಬಾರದಂತ ಕುಂಚಿಗಿ ಹಾಕಿ ಮಲಗಿಸೀನಿ. ನಿಮ್ಮ ಮಗಳು ಒಳಗ ಅವರವ್ವನ ಬಲ್ಲಿ ಅದಾಳ."

ನಗು ತಡೆಯಲಾರದೆ ಅವರು ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಹೆಂಗಸರ ನಗೆ ಕೇಳಿಸಿತು, ನಡುವೆ ಒಂದು ಎಳೆಯ ಅಳು.

ಎದ್ದು ಒಳಗೆ ಹೋಗಬೇಕು ಅಂದುಕೊಂಡ. ಎಣ್ಣೆ ಹಚ್ಚಿದ ಕಲ್ಲು ಕುಂಚಿಗೆಯೊಳಗೆ ದುಂಡಗೆ ಹೊಳೆಯುತ್ತಿತ್ತು. ದೃಷ್ಟಿಯಾಗದಿರಲೆಂದು ಅತ್ತೆ ಅದಕ್ಕೊಂದು ಕಾಡಿಗೆ ಬೊಟ್ಟನ್ನೂ ಇಟ್ಟಿದ್ದರು. ಅವನು ಹಗ್ಗ ಬಿಟ್ಟ. ಆದರೂ ತೊಟ್ಟಿಲು, ಕಲ್ಲಿನ ಭಾರಕ್ಕೆ, ಅವನ ಮೊಣಕಾಲವರೆಗೆ ಬಂದು, ಮುಟ್ಟದೆ, ಹಿಂದಕ್ಕೆ ಹೋಗುತ್ತಲೇ ಇತ್ತು.