ಮೀನುಗಳ ನಡುವೆ ಯೆರ್ಮೊಲಾಯ್

ಅಣ್ಣ ತೀರಿಕೊಂಡದ್ದು ಅಗಾಫ್ಯಾಳಿಗೆ ಗೊತ್ತಾದದ್ದು ರೇಡಿಯೋದಿಂದ. "ರಾಷ್ಟ್ರದ ಮೊಮ್ಮಗ ಯೆರ್ಮೊಲಾಯ್ ಪಾಂಕೋವ್ ಇನ್ನಿಲ್ಲ. ಮಾರದ ನಾಡಿನ ಹಬ್ಬದಂದು ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ" ಎಂದಿತು. ಹಿಂದೆಯೇ ಬ್ಯಾಂಡು ಬಾರಿಸಿತು. ಮೀನು ಒಣಗಿಸುವ ಹೊಗೆಗೂಡಿಗೆ ಮೀನು ನೇತುಹಾಕುತ್ತಿದ್ದವಳು ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಒಡಹುಟ್ಟಿದವಳಿಗೆ ಹೇಳುವ ಮೊದಲು ನಾಡಿಗೆಲ್ಲ ಸಾರಿದ್ದರು.

ರಷ್ಯದ ದೊರೆ ಈ ನಾಡನ್ನು ಅಮೆರಿಕದವರಿಗೆ ಮಾರಹೊರಟಾಗ, ಕೊಡಿಯಾಕ್ ದ್ವೀಪದ ಕೋಟೆಯ ಬಾವುಟ ಇಳಿಸಗೊಡದೆ ಕಂಬ ತಬ್ಬಿ ನಿಂತವನು ಇವರ ಅಜ್ಜ. ಜನ ದಂಗೆಯೆದ್ದರು, ಮಾರಾಟ ಮುರಿಯಿತು, ನಾಡು ಗಣರಾಜ್ಯವಾಯಿತು; ಆ ದಿನವೇ ಮಾರದ ನಾಡಿನ ಹಬ್ಬ. ಆ ಪುಣ್ಯಕ್ಕೆ ಪ್ರತಿ ಹಬ್ಬದಲ್ಲೂ ಯೆರ್ಮೊಲಾಯ್‌ನನ್ನು ಕಂಬ ತಬ್ಬಿಸಿ ಪಟ ತೆಗೆಯುತ್ತಿದ್ದರು. ಜ್ವರ ಬಂದಿದ್ದರೂ ಬಿಡುತ್ತಿರಲಿಲ್ಲ.

ಹಬ್ಬಕ್ಕೆ ಇನ್ನೂ ಎರಡು ವಾರವಿತ್ತು. ಹೆಣವನ್ನು ಬಂದರಿನ ಮೀನು ಕಾರ್ಖಾನೆಯ ಶೀತಕೋಣೆಯಲ್ಲಿ ಇಟ್ಟಿದ್ದರು.

ಅಗಾಫ್ಯಾ ಕೀರ್ತನೆಗಳ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋದಳು. ಸಾಲುಸಾಲು ಮೀನುಗಳ ನಡುವೆ, ಕರುಳು ತುಂಬಿದ ತೊಟ್ಟಿಯ ಪಕ್ಕದಲ್ಲಿ ಅಣ್ಣ ಮಲಗಿದ್ದ. ಮೈಮೇಲೆ ಚಿನ್ನದ ಗುಂಡಿಯ ಕೋಟು, ಕೆನ್ನೆಗೆ ಬಣ್ಣ, ತುಟಿಗೆ ಬಣ್ಣ. ನಾತ ಮುಚ್ಚಲು ಯಾರೋ ಅತ್ತರು ಸುರಿದಿದ್ದರು. ಎರಡೂ ಬೆರೆತು ಮೂಗಿಗೆ ಬಡಿದವು. ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೊತ್ತಿಕೊಂಡಳು.

"ನಾಳೆಗೆ ಮೂರನೆಯ ದಿನ. ನಮ್ಮ ಧರ್ಮದಂತೆ ಅಂದೇ ಮಣ್ಣು ಮಾಡಬೇಕು ಸ್ವಾಮಿ," ಎಂದಳು.

ರಾಜಧಾನಿಯಿಂದ ಬಂದಿದ್ದ ಅಧಿಕಾರಿ ಶೆರ್ಬಿನಿನ್ ನಕ್ಕ. "ಎಂಥಾ ಮಾತು ಅಜ್ಜಿ! ಪರದೇಶದ ಅತಿಥಿಗಳು ಬರ್ತಾರೆ. ಅಲ್ಲಿವರೆಗೂ ಕೆಡಲ್ಲ, ನೋಡಿ, ಮೀನೇ ಕೆಡಲ್ಲ."

"ಪಾದ್ರಿಗಳು ಏನಂದ್ರು?"

"ಒಪ್ಪಿದಾರೆ. ಚರ್ಚಿಗೆ ಸರ್ಕಾರದಿಂದ ಹೊಸ ಚಾವಣಿ ಬರುತ್ತಲ್ಲ."

ಅವಳು ನೆಲಕ್ಕೆ ಉಗಿಯಬೇಕೆಂದಿದ್ದಳು. ಅಣ್ಣ ಮಲಗಿದ್ದಾನೆಂದು ನುಂಗಿಕೊಂಡಳು. ಒದ್ದೆ ಬಟ್ಟೆಯಿಂದ ಅವನ ಮುಖದ ಬಣ್ಣ ಒರೆಸಿದಳು. ತಲೆಯ ಬಳಿ ಮೇಣದ ಬತ್ತಿ ಹಚ್ಚಿ, ನಿಂತು ಓದತೊಡಗಿದಳು.

ಶೀತಕೋಣೆಯ ಬಾಗಿಲಾಚೆ ಹಲಗೆಗಳ ಬಳಿ ಮೀನು ಕೊಯ್ಯುತ್ತಿದ್ದವರಿಗೆ ಓದು ಕೇಳಿಸಿತು. ಮೇಸ್ತ್ರಿ ತರಾಸ್ ಚೂರಿ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಸತ್ತವರ ಮುಂದೆ ಕೀರ್ತನೆ ಓದುವಾಗ ಆ ಸೂರಿನಡಿ ಮಾಂಸಕ್ಕೆ ಚೂರಿ ತಾಗಿಸುವುದು ಈ ದ್ವೀಪದಲ್ಲಿ ಯಾರೂ ಮಾಡದ ಕೆಲಸ.

"ಏಯ್, ಯಾಕ್ರೋ ನಿಲ್ಸಿದ್ರಿ?" ಶೆರ್ಬಿನಿನ್ ಓಡಿಬಂದ.

"ಓದು ಮುಗೀಲಿ ಸಾಹೇಬ್ರೆ."

"ಯಾವಾಗ ಮುಗಿಯುತ್ತೆ?"

"ಮಣ್ಣು ಮಾಡಿದಾಗ," ಎಂದ ತರಾಸ್. "ಹೆಣಾನ ಇಲ್ಲಿ ತಂದಿಟ್ಟೋರು ನೀವೇ ಅಲ್ವ? ನಾವೇನು ಕರೆದಿದ್ವಾ?"

ಅಗಾಫ್ಯಾ ಓದಿ ದಣಿದಾಗ ಕೊಯ್ಯುವ ಹೆಂಗಸರೇ ಸರದಿ ತೆಗೆದುಕೊಂಡರು. ದೋಣಿಗಳು ಬಂದು ಕಟ್ಟೆಯ ಮೇಲೆ ಮೀನು ಸುರಿದು ಹೋದವು. ಮರುದಿನದ ಬಿಸಿಲಿಗೆ ರಾಶಿ ಊದಿಕೊಂಡಿತು, ಕಣ್ಣುಗಳು ಬಿಳಿಚಿದವು, ಕಡಲಹಕ್ಕಿಗಳು ಕಿತ್ತಾಡಿದವು. ನಾತ ಗುಡ್ಡ ಹತ್ತಿ ಸರ್ಕಾರಿ ಅತಿಥಿಗೃಹದ ಊಟದ ಮನೆಗೆ ನುಗ್ಗಿತು. ಮಧ್ಯಾಹ್ನ ಶೆರ್ಬಿನಿನ್ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಬಂದ.

"ತಗೊಂಡು ಹೋಗಿ ಅಜ್ಜಿ, ದಮ್ಮಯ್ಯ! ಕೋಟು ಮಾತ್ರ ಬಿಚ್ಚಿಕೊಡಿ. ಹಬ್ಬಕ್ಕೆ ಖಾಲಿ ಪೆಟ್ಟಿಗೇನೇ ಮೆರವಣಿಗೆ ಮಾಡ್ತೀವಿ. ಯಾರು ತೆಗೆದು ನೋಡ್ತಾರೆ?"

"ಅದೇ ನಿಮಗೆ ಸರಿಯಾದ ಹೆಣ," ಎಂದಳು ಅಗಾಫ್ಯಾ.

ಹೆಂಗಸರು ಯೆರ್ಮೊಲಾಯ್‌ನನ್ನು ತೊಳೆದು, ಹಳೆಯ ಉಣ್ಣೆಯ ಅಂಗಿ ತೊಡಿಸಿದರು. ಚಾವಣಿಯ ಪಾದ್ರಿ ತಲೆ ತಗ್ಗಿಸಿಕೊಂಡೇ ಮಂತ್ರ ಹೇಳಿದ. ವಾಡಿಕೆಯಿದ್ದರೂ ಅಗಾಫ್ಯಾ ಪಾದ್ರಿಯ ಕೈಗೆ ಮುತ್ತಿಡಲಿಲ್ಲ. ಸಂಜೆಯ ಬೆಳಕಿರುವಾಗಲೇ ತಾಯಿಯ ಪಕ್ಕದಲ್ಲಿ ಮಣ್ಣಾಯಿತು. ಎಲ್ಲರೂ ಹೋದಮೇಲೆ ಅಗಾಫ್ಯಾ ಒದ್ದೆ ಮಣ್ಣಿನ ಮೇಲೆ ಹಣೆಯಿಟ್ಟಳು.

"ಕರ್ತನೇ, ನನ್ನ ಬಾಯೊಳಗೆ ಇನ್ನೂ ಹೇಸಿಗೆಯಿದೆ. ಅದು ನನ್ನಲ್ಲೇ ಇರಲಿ, ಅವನಿಗೆ ಅಂಟದಿರಲಿ. ಜನ ಅವನನ್ನು ಬಹಳ ನಿಲ್ಲಿಸಿದರು. ನೀನು ಕೂರಿಸಿಕೋ. ನಿನ್ನ ದಾಸ ಯೆರ್ಮೊಲಾಯ್‌ಗೆ ನೋವಿಲ್ಲದ, ನಿಟ್ಟುಸಿರಿಲ್ಲದ ಎಡೆಯಲ್ಲಿ ಶಾಂತಿ ಕೊಡು. ಆಮೆನ್."