ಕೊಂಬಿನ ಕಿರೀಟ ಯಾರ ತಲೆಗೆ

ಇದನ್ನು ಹೇಳಲು ನನಗಿಂತ ತಿಳಿದವರು ಊರಲ್ಲಿ ಬೇಕಾದಷ್ಟಿದ್ದಾರೆ. ಎಲ್ಲಾದರೂ ತಪ್ಪಿದ್ದರೆ ಎಲ್ಮಾಳ ಮನೆಯವರು ಕ್ಷಮಿಸಬೇಕು.

ಕರಡಿ ಕುಲದ ಹಿರಿಯ ಯಜಮಾನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನ ಜಿಂಕೆಕೊಂಬಿನ ಕಿರೀಟ ಮುಂದೆ ಯಾರ ತಲೆಗೆ ಎಂದು ತೀರ್ಮಾನಿಸುವವರು ಉತ್ತರ ಅಮೆರಿಕದ ಮೂಲನಿವಾಸಿಗಳಾದ ನಮ್ಮ ಮೊಹಾಕರಲ್ಲಿ ಕುಲದ ಹೆಂಗಸರು. ಕೊನೆಯ ಮಾತು ಕುಲದ ತಾಯಿಯದು. ಎಲ್ಮಾ ಆ ಜಾಗಕ್ಕೆ ಬಂದು ವರ್ಷವೂ ಆಗಿರಲಿಲ್ಲ. ತನ್ನ ಮಾತಿನ ಮೇಲೆ ತನಗೇ ನಂಬಿಕೆ ಸಾಲದು. ಆದರೂ ಇದೇನು ಕಷ್ಟವಲ್ಲ ಅಂದುಕೊಂಡಿದ್ದಳು. ನಮ್ಮಲ್ಲಿ ಕುಲ ಬರುವುದು ತಾಯಿಯಿಂದ; ತಂಗಿ ಆರ್ಡಿತಳ ಮಗ ಗಾರ್ನೆಟ್ ಇದ್ದನಲ್ಲ. ಊರವರೆಲ್ಲ ಸೇರುವ ಉದ್ದಮನೆಯಲ್ಲಿ ಕೃತಜ್ಞತೆಯ ಮಾತುಗಳನ್ನು ಒಂದೂ ತಪ್ಪದೆ ಹೇಳುವವನು, ಮುದುಕರ ಮನೆಗೆ ಸೌದೆ ಹಾಕಿ ಬರುವವನು. ಎಲ್ಮಾಳೇ ಎತ್ತಿ ಆಡಿಸಿದ ಹುಡುಗ.

ಸಭೆಯ ದಿನ ಬೆಳಿಗ್ಗೆ, ಬೂದಿನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳವನ್ನು ಸೂಪಿಗೆಂದು ತೊಳೆಯಲು ಗಾರ್ನೆಟನ ಹೆಂಡತಿ ಡಾನಾ ಎಲ್ಮಾಳ ಮನೆಗೆ ಬಂದಳು. ಬುಟ್ಟಿಯನ್ನು ಒಂದೇ ಕೈಯಲ್ಲಿ ಕುಲುಕುತ್ತಿದ್ದಳು.

"ಆ ಕೈಗೇನಾಯ್ತೇ?" ಎಲ್ಮಾ ಕೇಳಿದಳು.

"ಮಂಜುಗಡ್ಡೆ ಮೇಲೆ ಜಾರಿದೆ, ಅತ್ತೆ."

"ಸ್ಟ್ರಾಬೆರಿ ಹಣ್ಣಾಗೋ ಬೇಸಿಗೇಲಿ ಮಂಜುಗಡ್ಡೆನಾ? ಫ್ರಿಜ್ಜೊಳಗೆ ಬಿದ್ಯಾ ಹೆಂಗೆ?"

ಡಾನಾ ನಕ್ಕಳು. ಆ ನಗು ಅರ್ಧಕ್ಕೇ ಅಳುವಾಯಿತು. "ಗಾರ್ನೆಟ್ ಹೊಡೆದಿದ್ದು ಇದೇ ಮೊದಲಲ್ಲ ಅತ್ತೆ. ನಾನು ಆಮೆ ಕುಲದವಳು, ನಿಮ್ಮ ಸಭೇಲಿ ನಂಗೆ ಮಾತಾಡೋ ಹಕ್ಕಿಲ್ಲ."

"ನಂಗಿದೆಯಲ್ಲ. ಹೇಳಲಾ?"

ಡಾನಾ ಬುಟ್ಟಿಯನ್ನು ಕೆಳಗಿಟ್ಟಳು. ಆಮೇಲೆ, "ಹೇಳಿ," ಅಂದಳು.

ಹೆಂಗಸಿನ ಮೇಲೆ ಕೈಮಾಡಿದವನ ತಲೆಗೆ ಆ ಕೊಂಬು ಸಲ್ಲದು; ಅದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಆದರೆ ಅಷ್ಟು ಚೆನ್ನಾಗಿ ಮಾತಾಡುವವನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಎಲ್ಮಾಳೂ ಕೇಳಿರಲಿಲ್ಲ.

ಸಭೆಗೆ ಗಾರ್ನೆಟನನ್ನೂ ಕರೆಸಿದ್ದರು. ಆರ್ಡಿತ್ ಅವಸರಪಡಿಸಿದಳು. "ಹೆಸರು ಹೇಳಿಬಿಡಕ್ಕ, ಸೂಪು ಆರ್ತಿದೆ."

ಎಲ್ಮಾ ಹುಡುಗನ ಕಡೆ ತಿರುಗಿದಳು. "ಗಾರ್ನೆಟ್, ಡಾನಾ ಮೇಲೆ ಕೈ ಮಾಡಿದೀಯಾ?"

"ದೊಡ್ಡಮ್ಮ, ಅದು ಮನೆ ವಿಷಯ."

"ಹೌದು, ನಮ್ಮನೆ ವಿಷಯಾನೇ. ಅದಕ್ಕೇ ಕೇಳ್ತಿರೋದು."

ಅವನು ತಾಯಿಯತ್ತ ನೋಡಿದ. ಹಿಂದಿನ ಬೆಂಚಿನಲ್ಲಿ ಒಬ್ಬಳು, "ಒಂದೇಟಿಗೋಸ್ಕರ ಇಂಥ ಹುಡುಗನ್ನ ಕಳ್ಕೊಳ್ಳೋದಾ?" ಎಂದು ಗೊಣಗಿದಳು.

ಆರ್ಡಿತ್ ಎದ್ದಳು. ತನ್ನ ಮೇಲೇ ಹರಿಹಾಯುತ್ತಾಳೆಂದು ಎಲ್ಮಾ ಅಂದುಕೊಂಡಳು.

"ಕಳ್ಕೊಳ್ಳೋಣ," ಅಂದಳು ಆರ್ಡಿತ್. "ಇವನಪ್ಪ ನನ್ನ ಹೊಡೀತಿದ್ದಾಗ ಯಾರೂ ಕೇಳ್ಲಿಲ್ಲ. ಇವತ್ತು ನಮ್ಮಕ್ಕ ಕೇಳಿದಾಳೆ. ನನ್ನ ಮಗನಿಗೆ ಕೊಂಬು ಬೇಡ."

ಕರಡಿ ಕುಲದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಗೊಣಗಿದವಳೂ ಎದ್ದಳು, ತುಸು ತಡವಾಗಿ. ತಾನು ಈ ಹೆಂಗಸರ ನಡುವೆ ಹುಟ್ಟಿದವಳು ಎಂದು ಎಲ್ಮಾಳ ಎದೆ ಉಬ್ಬಿತು.

ಸಂಜೆ ಆರ್ಡಿತ್ ಡಾನಾಳ ಮನೆಗೆ ಹೋಗಿ, ಮಗನ ಬೂಟು, ಬಟ್ಟೆಗಂಟು ತಾನೇ ಬಾಗಿಲ ಹೊರಗಿಟ್ಟಳು. ನಮ್ಮಲ್ಲಿ ಮನೆ ಹೆಂಡತಿಯದು. ಗಂಟು ಹೊರಗೆ ಬಂದರೆ ಗಂಡ ಅದನ್ನೆತ್ತಿಕೊಂಡು ಹೋಗಬೇಕು. ಆಮೇಲೆ ಅತ್ತೆ ಸೊಸೆ ಕೂತು ಆರಿದ ಸೂಪನ್ನೇ ಬಿಸಿಮಾಡಿ ಕುಡಿದರು.

ಆ ವರ್ಷ ಕಿರೀಟ ಯಾರ ತಲೆಗೂ ಏರಲಿಲ್ಲ. ಗಾರ್ನೆಟ್ ದೂರದ ನಗರದಲ್ಲಿ ಉಕ್ಕಿನ ತೊಲೆ ಕಟ್ಟುವ ಕೆಲಸಕ್ಕೆ ಹೋದ. ಅಲ್ಲಿ ಇನ್ನೊಬ್ಬಳ ಜೊತೆಗಿದ್ದಾನಂತೆ. ಅವನ ಕೈ ಬದಲಾಗಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.