ತೊಟ್ಟಿಲಿನ ಅಡಕತ್ತರಿ

ಕನ್ನಡ ಪಾಠ ಹೇಳಿಯೇ ತಲೆ ನರೆಸಿಕೊಂಡವನು ನಾನು. ತಪ್ಪು ಮಾತು ಕಿವಿಗೆ ಬಿದ್ದರೆ ತಿದ್ದದೆ ಬಿಟ್ಟವನಲ್ಲ. ನಮ್ಮ ಬೋಳಾರದಲ್ಲಿ ಇಸಿದೋರ್ ಮಾಸ್ಟ್ರು ಎಂಬ ನನ್ನನ್ನು ಕಂಡರೆ ಮಕ್ಕಳು ದಾರಿ ಬದಲಿಸುತ್ತಿದ್ದರು. ನನ್ನ ಹೆಂಡತಿ ನೆಲ್ಲಿಗೆ ಮಾತ್ರ ಆ ಹೆದರಿಕೆ ಯಾವತ್ತೂ ಇರಲಿಲ್ಲ.

೧೯೫೮ರ ಮಳೆಗಾಲ ಮುಗಿಯುವಾಗ ಸೊಸೆ ಎಸ್ತೆರ್ ಎರಡನೆಯ ಸಲ ಹೆತ್ತಳು, ಹೆಣ್ಣುಮಗು. ಮಗ ಬೊನಿಫಾಸ್ ಬೊಂಬಾಯಿಯ ಕೆಲಸದಲ್ಲಿದ್ದ. ಮೊದಲ ಗಂಡುಮಗು ಹುಟ್ಟಿದ ವಾರದಲ್ಲೇ ತೀರಿಹೋಗಿತ್ತು. ಹಾಗಾಗಿ ಈ ಮಗುವನ್ನು ತೊಟ್ಟಿಲಿಗೆ ಹಾಕಲು ಎಸ್ತೆರ್ ಒಪ್ಪಲೇ ಇಲ್ಲ. ಎದೆಗವಚಿಕೊಂಡು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ನಿದ್ದೆಯಿಲ್ಲದೆ ಅವಳ ಕಣ್ಣು ಗುಳಿಬಿತ್ತು, ಎದೆಹಾಲು ಕಡಿಮೆಯಾಗುತ್ತ ಬಂತು. ಹೀಗೇ ಆದರೆ ತಾಯಿ, ಮಗು ಇಬ್ಬರನ್ನೂ ಕಳೆದುಕೊಳ್ಳುತ್ತೇವೆಂದು ನನಗೆ ಭಯವಾಯಿತು.

ಒಂದು ಮಧ್ಯಾಹ್ನ ಅವಳೇ ಬಾಯಿಬಿಟ್ಟಳು.

"ಮಾಂವ್, ಮೊದಲ ಸಲ ಪಕ್ಕದ ಮನೆ ಸತ್ಯವತಿಯಮ್ಮ ಹೇಳಿದ್ರು, ತೊಟ್ಟಿಲಲ್ಲಿ ಹಾಸಿಗೆ ಅಡಿಗೆ ಒಂದು ಕಬ್ಬಿಣ ಇಡು, ಕೆಟ್ಟದ್ದು ಹತ್ತಿರ ಬರುದಿಲ್ಲ ಅಂತ. ಇಗರ್ಜಿಗೆ ಹೋಗುವವರಿಗೆ ಅದೆಲ್ಲ ಎಂತಕ್ಕೆ ಅಂತ ನಗಾಡಿದೆ. ಇಟ್ಟಿದ್ರೆ ಅವನು ಉಳೀತಿದ್ದ. ನಾನೇ ಅವನನ್ನು ಕಳಕೊಂಡದ್ದು."

ನಾನು ಪಾಠಕ್ಕಿಳಿದೆ. ಹಳೆಯ ಕಾವ್ಯಗಳಲ್ಲಿ ಕಬ್ಬಿಣಕ್ಕೆ ಎಲ್ಲಿದೆ ಮರ್ಯಾದೆ? ಪರುಷಮಣಿ ಮುಟ್ಟುವ ತನಕ ಅದು ಕೀಳು ಲೋಹ, ಕರುಣೆಯಿಲ್ಲದ ಎದೆಗೆ ಹೋಲಿಕೆ. ಒಂದು ಕಡೆ ಮಾತ್ರ ಅದಕ್ಕೆ ದೊಡ್ಡ ಕೆಲಸ. ಕುರುಡು ಅರಸ ಸೇಡಿನಿಂದ ತಬ್ಬಿಕೊಂಡಾಗ, ಸಾಯಬೇಕಾದವನ ಬದಲಿಗೆ ನಿಂತು ಪುಡಿಯಾದದ್ದು ಕಬ್ಬಿಣದ ಬೊಂಬೆ.

"ಅದೂ ಕತೆ, ಬಾಯೆ. ಕಬ್ಬಿಣ ಮಗುವನ್ನು ಕಾಯುವುದಿಲ್ಲ," ಎಂದು ಮುಗಿಸಿದೆ.

ಅವಳು ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ನನ್ನ ಪಾಂಡಿತ್ಯ ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ.

ಅಡುಗೆಮನೆಯಿಂದ ನೆಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಎಲೆ ಪೆಟ್ಟಿಗೆ ತೆರೆದು ಹಳೆಯ ಅಡಕತ್ತರಿಯನ್ನು ತೆಗೆದು ಸೊಸೆಯ ಕೈಯಲ್ಲಿಟ್ಟಳು.

"ಇದು ಕಬ್ಬಿಣವೇ. ಆ ಸಲ ನಾನೇ ಇದನ್ನು ತೊಟ್ಟಿಲಿನ ಹಾಸಿಗೆ ಅಡಿಗೆ ಇಟ್ಟಿದ್ದೆ. ಪಾದ್ರಿಗಳಿಗೆ ಗೊತ್ತಾದ್ರೆ ಬೈತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಮಗು ಹೋದ ದಿನವೂ ಅಲ್ಲೇ ಇತ್ತು. ಇದ್ದೂ ಉಳೀಲಿಲ್ಲ. ನಿನ್ನಿಂದ ಎಂತದೂ ತಪ್ಪಾಗ್ಲಿಲ್ಲ, ಬಾಯೆ."

ಮೊದಲ ಮಗು ಬದುಕಿದ್ದ ಆ ವಾರವಿಡೀ ಅಡಕತ್ತರಿ ನನ್ನ ಬಳಿಯೇ ಇತ್ತು. ಮಗು ಹೋದ ದಿನ ಮನೆಗೆ ಬಂದವರಿಗೆಲ್ಲ ಅದರಲ್ಲೇ ಅಡಿಕೆ ಹೋಳು ಮಾಡಿ ಕೊಟ್ಟವನು ನಾನು. ನೆಲ್ಲಿ ನನ್ನ ಮುಖ ನೋಡಿದಳು.

"ಹೌದು, ಅಲ್ಲೇ ಇತ್ತು," ಎಂದೆ.

ಎಸ್ತೆರ್ ತುಂಬ ಹೊತ್ತು ಅತ್ತಳು. ಮಗ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಆಮೇಲೆ ಅವಳು ಕಣ್ಣೊರೆಸಿಕೊಂಡು ಅಡಕತ್ತರಿಯನ್ನು ನನಗೇ ಹಿಂದೆ ಕೊಟ್ಟಳು.

"ನಿಮಗೆ ಅಡಿಕೆಗೆ ಬೇಕಲ್ಲ, ಮಾಂವ್."

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಪಕ್ಕದಲ್ಲೇ ಚಾಪೆಯ ಮೇಲೆ ಉರುಳಿದವಳು ದೀಪ ಹಚ್ಚುವ ತನಕ ಏಳಲಿಲ್ಲ.

ಶನಿವಾರ ನೆಲ್ಲಿ ಎಂದಿನಂತೆ ಪಾದ್ರಿಗಳ ಮುಂದೆ ಪಾಪನಿವೇದನೆಗೆಂದು ಇಗರ್ಜಿಗೆ ಹೋಗಿ ಬಂದಳು. ನನಗೆ ಕುತೂಹಲ ತಡೆಯಲಿಲ್ಲ.

"ಅಡಕತ್ತರಿಯ ವಿಷಯ ಹೇಳಿದೆಯಾ?"

"ಪಾಪ ಇದ್ರೆ ಹೇಳುವುದಲ್ವಾ ಮಾರಾಯ್ರೆ," ಎಂದು ಅವಳು ತೊಟ್ಟಿಲು ತೂಗಲು ಹೋದಳು.